ಮೊಲದ ಅಚ್ಚಿನಲ್ಲಿ ಒಂದು ಚಮಚ ಸಕ್ಕರೆ

ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವುದು ನನ್ನಿಂದ ಆಗುವುದಿಲ್ಲ. ಪಕ್ಕದ ಮನೆಯವರು ಒಂದು ಬಟ್ಟಲು ಪಾಯಸ ಕೊಟ್ಟರೆ, ಬಟ್ಟಲು ತೊಳೆದು ಒರೆಸಿಕೊಂಡು ಬಾಗಿಲ ತನಕ ಹೋದವಳು ಅಲ್ಲಿಂದ ತಿರುಗಿ ಬಂದು ಅಡುಗೆಮನೆಯಲ್ಲಿ ಏನಿದೆಯೆಂದು ತಡಕಾಡುತ್ತೇನೆ. ಒಂದು ನಿಂಬೆಹಣ್ಣು, ಎರಡು ಎಸಳು ಕರಿಬೇವು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ. ನಿಮ್ಮಲ್ಲೂ ಹಲವರಿಗೆ ಈ ಅಭ್ಯಾಸ ಇದ್ದೀತು. ಇದ್ದರೆ ನನ್ನನ್ನು ಬೇಗ ಕ್ಷಮಿಸುತ್ತೀರಿ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಲ್ಲದವರು, ನನ್ನ ತಂಗಿ ಸುಧಾಳಂಥವರು, ಕೊನೆಯ ತನಕ ಓದಿ ಆಮೇಲೆ ತೀರ್ಮಾನ ಮಾಡಿ.

ಬರೆಯಲು ಕಾರಣ ನನ್ನ ಮುಂದೆ ಮೇಜಿನ ಮೇಲೆ ಕುಳಿತಿರುವ ಮೊಲ. ತಗಡಿನ ಮೊಲ. ಕೇಕ್ ಹಿಟ್ಟು ಹುಯ್ದು ಬೇಯಿಸುವ ಅಚ್ಚು ಇದು. ಕಿವಿ ಎರಡೂ ನೆಟ್ಟಗೆ, ಹೊಟ್ಟೆ ಗುಂಡಗೆ. ಇದು ನನ್ನದಲ್ಲ, ಲೈಬ್ರರಿಯದು. ನಿನ್ನೆ ಮತ್ತೆ ಎರವಲು ತಂದಿದ್ದೇನೆ. ತಂದಾಗಿನಿಂದ ಅದು ನನ್ನನ್ನೇ ನೋಡುತ್ತಿದೆ. ಅದಕ್ಕೆ ಎಲ್ಲವೂ ಗೊತ್ತು.

ನಾವು ಅರಸೀಕೆರೆಯವರು. ಅಪ್ಪ ಹಿಟ್ಟಿನ ಗಿರಣಿ ಇಟ್ಟಿದ್ದರು. ಗಿರಣಿಯ ಹಿಂದೆಯೇ ಮನೆ. ನಮ್ಮ ಮನೆಯಲ್ಲಿ ಗೋಡೆ, ಬೆಕ್ಕು, ಅಪ್ಪನ ಹುಬ್ಬು ಎಲ್ಲವೂ ಒಂದೇ ಬಣ್ಣದ್ದಾಗಿದ್ದವು. ಸುಧಾ ಹುಟ್ಟಿದಾಗ ನಾನು ಮೂರನೆಯ ಕ್ಲಾಸು. ಅವಳು ಅಂಬೆಗಾಲಿಟ್ಟು ಗಿರಣಿಗೆ ನುಗ್ಗಿದರೆ ಹೊರಗೆ ಬರುವಾಗ ರೊಟ್ಟಿಗೆ ತಟ್ಟಲು ಇಟ್ಟ ಉಂಡೆಯಂತೆ ಇರುತ್ತಿದ್ದಳು. ಅವಳನ್ನು ಕೊಡವುವುದು ನನ್ನ ಕೆಲಸ. ಬೀದಿಯ ಹೆಂಗಸರೆಲ್ಲ ಡಬ್ಬ ತುಂಬ ರಾಗಿ, ಗೋಧಿ ತಂದು, ಹಿಟ್ಟು ಮಾಡಿಸಿಕೊಂಡು ಹೋಗುತ್ತಿದ್ದರು. ಹೀಗೆ ದಿನವಿಡೀ ತುಂಬಿದ ಡಬ್ಬಗಳನ್ನೇ ನೋಡಿ ಬೆಳೆದದ್ದರಿಂದಲೋ ಏನೋ, ಖಾಲಿ ಡಬ್ಬ ನೋಡಿದರೆ ನನಗೆ ಯಾರೋ ಊಟ ಮಾಡದೆ ಎದ್ದುಹೋದಂತೆ ಅನಿಸುತ್ತದೆ.

ಅಮ್ಮ ಅಕ್ಕಪಕ್ಕದವರ ಪಾತ್ರೆ ಹಿಂದಿರುಗಿಸಲು ನನ್ನನ್ನೇ ಕಳಿಸುತ್ತಿದ್ದಳು. ತಳದಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಮೇಲೆ ತಟ್ಟೆ ಮುಚ್ಚಿ, ನೇರ ಹೋಗಿ ನೇರ ಬಾ ಎನ್ನುವಳು. ನಾನು ನೇರವಾಗಿಯೇ ಹೋಗುತ್ತಿದ್ದೆ. ಆದರೆ ಗಿರಣಿಯ ಹಿಂದೆ, ಹೊಟ್ಟು ಗುಡ್ಡೆ ಹಾಕುವ ಜಾಗದಲ್ಲಿ, ಒಂದು ಗಳಿಗೆ ನಿಲ್ಲುತ್ತಿದ್ದೆ. ಒದ್ದೆ ಬೆರಳು, ತಳದ ಸಕ್ಕರೆ, ಅಷ್ಟೇ. ಸೊಂಟದ ಮೇಲೆ ಕೂತಿರುತ್ತಿದ್ದ ಸುಧಾಳಿಗೂ ಕೊನೆಯ ಬೆರಳು ನೆಕ್ಕಿಸುತ್ತಿದ್ದೆ. ಅವಳು ನೆಕ್ಕುವ ತನಕ ನೆಕ್ಕಿ, ಮನೆಗೆ ಬಂದ ಕೂಡಲೆ ಅಮ್ಮನಿಗೆ ‘ಅಕ್ಕ ತಿಂದ್ಲು’ ಎಂದು ಹೇಳುತ್ತಿದ್ದಳು. ಅವಳಿಗೆ ಮಾತು ಬಂದದ್ದೇ ಆ ವಾಕ್ಯದಿಂದ ಎಂದು ನನ್ನ ನಂಬಿಕೆ.

ನನ್ನ ಓದು ಏಳನೆಯ ಕ್ಲಾಸಿಗೆ ಮುಗಿಯಿತು. ದೊಡ್ಡ ದುಃಖದ ಕಥೆಯೇನೂ ಇಲ್ಲ. ಗಣಿತ ನನಗೆ ಒಲಿಯಲಿಲ್ಲ, ಗಿರಣಿಯಲ್ಲಿ ಕೆಲಸವಿತ್ತು, ಮೇಷ್ಟರೂ ಬೇಡವೆನ್ನಲಿಲ್ಲ. ಸುಧಾ ಓದಿದಳು, ಓದಿ ಓದಿ ಔಷಧಿ ಕಂಪನಿಯೊಂದರಲ್ಲಿ ಕೆಲಸ ಹಿಡಿದು ನ್ಯೂಜೆರ್ಸಿಗೆ ಬಂದಳು. ಅಕ್ಕನ ಹೆಸರಿಗೆ ವೀಸಾ ಅರ್ಜಿ ಹಾಕಿ ಅದು ಬರುವ ತನಕ ವರ್ಷಗಟ್ಟಲೆ ಕಾದು, ನನ್ನನ್ನೂ ನಮ್ಮೆಜಮಾನರನ್ನೂ ಕರೆಸಿಕೊಂಡಳು. ಈಗ ನಾವು ಮಾನ್ಮತ್ ಜಂಕ್ಷನ್ನಿನಲ್ಲಿ ಅವಳ ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಇವರು ಇಂಡಿಯನ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಸುಧಾ ಪ್ರತಿದಿನ ಬ್ರಿಡ್ಜ್‌ವಾಟರ್‌ಗೆ ಕಾರು ಓಡಿಸಿಕೊಂಡು ಹೋಗಿ, ಮಾತ್ರೆಯೊಳಗೆ ಮಾತ್ರೆಯ ಹೊರತು ಬೇರೇನೂ ಇಲ್ಲವೆಂದು ಖಚಿತಪಡಿಸುವ ಕೆಲಸ ಮಾಡುತ್ತಾಳೆ. ಅದೇ ಕಣ್ಣಿನಲ್ಲಿ ಅವಳು ಪಾತ್ರೆಗಳನ್ನೂ ನೋಡುತ್ತಾಳೆ. ನಾನು ಡಬ್ಬದಲ್ಲಿ ಹುಳಿ ಕಳಿಸಿದರೆ ಡಬ್ಬ ಹಿಂದಕ್ಕೆ ಬರುತ್ತದೆ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಪಳಪಳ ಹೊಳೆಯುತ್ತಾ. ಮುಚ್ಚಳ ತೆಗೆದರೆ ಒಳಗೆ ನನ್ನ ಮುಖ ಮಾತ್ರ. ನಾನು ಒಂದು ದಿನವೂ ಏನೂ ಅಂದವಳಲ್ಲ. ಅಂದರೆ, ಬಾಯಿಬಿಟ್ಟು ಅಂದವಳಲ್ಲ.

ಲೈಬ್ರರಿಗೆ ನನ್ನನ್ನು ಕರೆದೊಯ್ದವಳೂ ಅವಳೇ. ಬಂದ ಹೊಸತರಲ್ಲಿ ನಾನು ಕಿಟಕಿಯಲ್ಲಿ ನಿಂತು ಹಿಮ ನೋಡುತ್ತಾ, ಹಿಮವೂ ಒಂದು ಬಗೆಯ ಹಿಟ್ಟೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳಿಗೆ ಅದು ಸರಿ ಕಾಣಲಿಲ್ಲ. ಲೈಬ್ರರಿ ಅಂದಕೂಡಲೆ ನನಗೆ ಭಯವಾಯಿತು. ಏಳನೇ ಕ್ಲಾಸಿನವಳಿಗೆ ಅಲ್ಲೇನು ಕೆಲಸ? ಊರಿನ ವಾಚನಾಲಯ ನನಗೆ ನೆನಪಿತ್ತು. ಗಂಡಸರು ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕೂರುವ ಜಾಗ, ಕೆಮ್ಮಿದರೂ ತಲೆಯೆತ್ತಿ ನೋಡುವ ಜಾಗ. ಇಲ್ಲಿ ಒಳಗೆ ಹೋದರೆ ಮಕ್ಕಳು ನೆಲದ ಮೇಲೆ ಉರುಳಾಡುತ್ತಿದ್ದವು, ಯಾರೋ ಗಿಟಾರ್ ಬಾರಿಸುತ್ತಿದ್ದರು, ಮೂಲೆಯಲ್ಲಿ ಅಜ್ಜಿಯರ ಗುಂಪೊಂದು ಸ್ವೆಟರ್ ಹೆಣೆಯುತ್ತಿತ್ತು. ಒಂದು ಡ್ರಾಯರಿನಲ್ಲಿ ಪುಸ್ತಕದ ಬದಲು ತರಕಾರಿ ಬೀಜದ ಪೊಟ್ಟಣಗಳಿದ್ದವು. ತೆಗೆದುಕೊಂಡು ಹೋಗಿ ಬೆಳೆದು, ಆಮೇಲೆ ಬೀಜ ತಂದು ಕೊಟ್ಟರಾಯಿತಂತೆ. ಆ ದಿನವೇ ನನಗೆ ಆ ಜಾಗ ಹಿಡಿಸಿತು. ತಂದದ್ದನ್ನು ಬರಿಗೈಯಲ್ಲಿ ಹಿಂದಿರುಗಿಸದವರ ಜಾಗ ಇದು ಎಂದು ಅಂದುಕೊಂಡೆ. ಮುಂದಿನದಕ್ಕೆಲ್ಲ ಆ ಡ್ರಾಯರೇ ಮೂಲ ಎಂದರೂ ತಪ್ಪಿಲ್ಲ.

ಬುಧವಾರ ಮಧ್ಯಾಹ್ನ ಅಲ್ಲಿ ಇಂಗ್ಲಿಷ್ ಮಾತಾಡುವವರ ಕೂಟ ಸೇರುತ್ತದೆ. ಮಾತಾಡುವವರು ಎಂದರೆ ಮಾತಾಡಲು ಬಾರದವರು. ಚೀನಾದ ಒಬ್ಬ ಅಜ್ಜಿ, ಈಕ್ವೆಡಾರಿನ ಇಬ್ಬರು ಹೆಂಗಸರು, ನಾನು, ಹೀಗೆ. ನಡೆಸುವವರು ವಾಲ್ಟರ್. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮುದುಕರು. ದಪ್ಪ ಬಿಳಿ ಮೀಸೆ, ಅದರ ಮೇಲೆ ಯಾವಾಗಲೂ ಒಂದಿಷ್ಟು ಸಕ್ಕರೆ ಪುಡಿ. ಅವರಿಗೆ ಒಳಗೆ ಜ್ಯಾಮ್ ತುಂಬಿ ಮೇಲೆ ಸಕ್ಕರೆ ಪುಡಿ ಉದುರಿಸಿದ ಡೋನಟ್ ಎಂದರೆ ಪ್ರಾಣ. ಉಳಿದ ದಿನಗಳಲ್ಲಿ ಅವರು ಹಿಂದಿನ ಕೋಣೆಯಲ್ಲಿ ಕುಳಿತು, ಜನ ಗೋಡೆಯ ಕಿಂಡಿಯಿಂದ ಹಾಕಿಹೋದ ಪುಸ್ತಕಗಳನ್ನು ವಿಂಗಡಿಸುತ್ತಿದ್ದರು. ಸಂಬಳವಿಲ್ಲದ ಕೆಲಸ. ಕಾಗದಗಳನ್ನು ವಿಂಗಡಿಸಿದ ಕೈ ಸುಮ್ಮನಿರಲು ಒಪ್ಪುವುದಿಲ್ಲ, ಅದಕ್ಕೇ ಬರುತ್ತೇನೆ ಎಂದು ನಮ್ಮ ಕೂಟದಲ್ಲಿ ಹೇಳಿದ್ದರು. ಆ ಮಾತು ನನಗೆ ಪೂರ್ತಿ ಅರ್ಥವಾಗಿತ್ತು. ಅರ್ಥವಾದ ಮೊದಲ ಉದ್ದನೆಯ ಇಂಗ್ಲಿಷ್ ವಾಕ್ಯವೂ ಅದೇ.

ಸುಧಾಳೂ ಶನಿವಾರಗಳಲ್ಲಿ ಅಲ್ಲಿ ವಾಲಂಟಿಯರ್. ಅವಳ ಹುಚ್ಚು ಬೇರೆ. ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ಅಡುಗೆ ಸಾಮಾನುಗಳನ್ನು ಎಲ್ಲರೂ ಕೊಂಡು ಗ್ಯಾರೇಜಿನಲ್ಲಿ ತುಂಬಿಕೊಳ್ಳುವ ಬದಲು, ಲೈಬ್ರರಿಯಲ್ಲೇ ಇಟ್ಟು ಪುಸ್ತಕದ ಹಾಗೆ ಎರವಲು ಕೊಡಬಾರದೇಕೆ ಎಂದು. ಲೈಬ್ರರಿ ನಡೆಸುವ ಮಿಸ್ ಕ್ಯಾಥಿ ಮೊದಲು ಒಪ್ಪಲಿಲ್ಲ. ಅಡುಗೆ ಸಾಮಾನು ಬಂದರೆ ಹಿಂದೆಯೇ ಹುಳು ಬರುತ್ತದೆ, ಕಾಗದ ಇರುವ ಜಾಗ ಇದು ಎಂದರಂತೆ. ಸುಧಾ ಬೆನ್ನುಬಿಡದೆ ಕೇಳಿ ಕೇಳಿ, ಒಂದು ಕಾಳು ಕೂಡ ಒಳಗೆ ಬರದ ಹಾಗೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟು, ಬೇಸಿಗೆ ಮುಗಿಯುವವರೆಗೆ ಪರೀಕ್ಷೆಗೆಂದು ಒಂದು ಶೆಲ್ಫ್ ಗಿಟ್ಟಿಸಿಕೊಂಡಳು. ಕೇಕ್ ಅಚ್ಚುಗಳು, ಇಡ್ಲಿ ಸ್ಟ್ಯಾಂಡು, ಶಾವಿಗೆ ಒತ್ತುವ ಒರಳು, ನನಗೆ ಹೆಸರು ಗೊತ್ತಿಲ್ಲದ ಇನ್ನೂ ಏನೇನೋ. ತೊಳೆದು ತರಬೇಕು, ಖಾಲಿ ತರಬೇಕು, ಕಿಂಡಿಯಲ್ಲಿ ಹಾಕದೆ ಕೌಂಟರಿನಲ್ಲಿ ಕೈಗೆ ಕೊಡಬೇಕು. ಇದಿಷ್ಟನ್ನೂ ಅವಳು ನನಗೆ ಕನ್ನಡದಲ್ಲೇ ಹೇಳಿದ್ದಳು. ನಾನು ತಲೆಯಾಡಿಸಿದ್ದೆ.

ಜೂನ್ ಕೊನೆಯಲ್ಲಿ ವಾಲ್ಟರ್ ನಮ್ಮ ಕೂಟದವರೆಲ್ಲ ಒಂದೊಂದು ತಿಂಡಿ ಮಾಡಿ ತನ್ನಿ, ಅದರ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ನಾನು ರಾಗಿ ಹಾಲುಬಾಯಿ ಮಾಡುವುದೆಂದು ತೀರ್ಮಾನಿಸಿದೆ. ತಟ್ಟೆಗೆ ಹುಯ್ದು ಚೌಕ ಕತ್ತರಿಸಿದರೆ ಏನು ಚಂದ, ಸುಧಾಳ ಶೆಲ್ಫಿಗೂ ಒಂದು ಗಿರಾಕಿ ಆದ ಹಾಗಾಯಿತು ಎಂದು ಅಚ್ಚು ತರಲು ಹೋದೆ. ಮೊಲದ ಕೇಕ್ ಮಾಡುವ ಈಸ್ಟರ್ ಹಬ್ಬ ಮುಗಿದು ಹೋಗಿದ್ದರಿಂದ ಯಾರಿಗೂ ಬೇಡವಾಗಿ ಉಳಿದಿದ್ದದ್ದು ಈ ಮೊಲ ಒಂದೇ. ರಾಗಿ ನೆನೆಸಿ, ತೆಂಗಿನಕಾಯಿ ಜೊತೆ ರುಬ್ಬಿ, ಹಾಲು ಹಿಂಡಿ, ಬೆಲ್ಲ ಹಾಕಿ, ತೋಳು ಬಿದ್ದುಹೋಗುವ ತನಕ ಕೈಯಾಡಿಸಿ, ತುಪ್ಪ ಸವರಿದ ಮೊಲದೊಳಗೆ ಹುಯ್ದೆ. ಬೆಳಗ್ಗೆ ಮಗುಚಿದರೆ ಮೊಲ ಬಂತು. ಕಿವಿ ಬರಲಿಲ್ಲ. ಕಿವಿ ಎರಡೂ ಅಚ್ಚಿನಲ್ಲೇ ಉಳಿದವು. ತಟ್ಟೆಯ ಮೇಲೆ ಕಂದು ಬಣ್ಣದ, ಹೊಟ್ಟೆ ಬಿಟ್ಟ, ಕಿವಿಯಿಲ್ಲದ ಒಂದು ಪ್ರಾಣಿ ಮಲಗಿತ್ತು. ನಮ್ಮೆಜಮಾನರು ಕಾಫಿ ಕುಡಿಯುತ್ತಾ ಬಹಳ ಹೊತ್ತು ಅದನ್ನು ನೋಡಿ, ಹೆಗ್ಗಣದ ಅಚ್ಚನ್ನೂ ಇಟ್ಟಿದ್ದಾರಾ ಎಂದು ಕೇಳಿದರು.

ಕೂಟದಲ್ಲಿ ಯಾರೂ ಏನು ಪ್ರಾಣಿ ಎಂದು ಕೇಳಲಿಲ್ಲ. ಹೊಟ್ಟೆಯಿಂದ ಶುರುಮಾಡಿ ಪೂರ್ತಿ ತಿಂದರು. ಚೀನಾದ ಅಜ್ಜಿ ಕಣ್ಣು ಮುಚ್ಚಿಕೊಂಡು ತಿಂದು, ನನ್ನ ಕೈಯನ್ನು ತನ್ನ ಕೈಯೊಳಗೆ ಹಿಡಿದು ಏನೋ ಹೇಳಿದಳು. ಅದು ಇಂಗ್ಲಿಷಾಗಿರಲಿಲ್ಲ, ವಾಲ್ಟರ್ ತಿದ್ದಲಿಲ್ಲ. ನನ್ನ ಜೀವನದಲ್ಲಿ ನನಗೆ ಫಸ್ಟ್ ಕ್ಲಾಸ್ ಬಂದದ್ದು ಅದೊಂದೇ ದಿನ.

ಆ ಖುಷಿಯಲ್ಲೇ ಕೆಟ್ಟದ್ದು ನಡೆದದ್ದು. ಮೊಲವನ್ನು ಹಿಂದಿರುಗಿಸುವ ದಿನ ಇಲ್ಲಿನ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕರ ರಜೆಯ ನಡುವೆ ಬಿತ್ತು. ಲೈಬ್ರರಿ ಮುಚ್ಚಿತ್ತು. ತಡವಾದರೆ ಲೈಬ್ರರಿಯಿಂದ ಮೇಲ್ ಹೋಗುವುದು ಸುಧಾಳಿಗೆ, ನನ್ನ ಕಾರ್ಡ್ ಮಾಡಿಸಿದವಳು ಅವಳೇ ಆದ್ದರಿಂದ. ಅವಳ ಶೆಲ್ಫಿನ ಸಾಮಾನನ್ನು ಅವಳ ಅಕ್ಕನೇ ತಡಮಾಡಿದಳು ಅಂತಾದೀತು. ಆದ್ದರಿಂದ ಇವರ ಜೊತೆ ಕಾರಿನಲ್ಲಿ ಹೋಗಿ ಗೋಡೆಯ ಕಿಂಡಿಯ ಮುಂದೆ ನಿಂತೆ. ಅಚ್ಚು ಓರೆ ಮಾಡಿದರೆ ಹಿಡಿಸುವ ಹಾಗೆ ಕಂಡಿತು. ಅಷ್ಟೊತ್ತಿಗೆ ನನ್ನ ಕೈ ಚೀಲದೊಳಗೆ ಹೋಗಿಯಾಗಿತ್ತು. ಮನೆಯಿಂದ ಹೊರಡುವಾಗಲೇ ಕಾಗದದಲ್ಲಿ ಒಂದು ಚಮಚ ಸಕ್ಕರೆ ಕಟ್ಟಿಕೊಂಡಿದ್ದೆ. ಇಷ್ಟು ಒಳ್ಳೆಯ ಹಾಲುಬಾಯಿ ಕೊಟ್ಟ ಮೊಲವನ್ನು ಖಾಲಿ ಹೊಟ್ಟೆಯಲ್ಲಿ ಕಳಿಸುವುದೆ? ಪೊಟ್ಟಣವನ್ನು ಅದರ ಹೊಟ್ಟೆಯೊಳಗೆ ಇಟ್ಟು, ಒಳಗೆ ತಳ್ಳಿದೆ. ಆಚೆ ಕಡೆ ಎಲ್ಲೋ ಕೆಳಗೆ ದಬ್ಬೆಂದು ಬಿದ್ದ ಸದ್ದಾಯಿತು. ಇವರು ಕಾರಿನಿಂದಲೇ, ಆಯ್ತೇನೇ ಎಂದರು. ಆಯ್ತು ಎಂದೆ.

ರಜೆ ಕಳೆದು ಬೀಗ ತೆಗೆದಾಗ ಹಿಂದಿನ ಕೋಣೆಯಲ್ಲಿ ಇರುವೆಗಳಿದ್ದವು. ಸುಮ್ಮನೆ ಒಂದು ಸಾಲಲ್ಲ. ಗೋಡೆಯಿಂದ ಪುಸ್ತಕದ ಗಾಡಿಗೆ, ಗಾಡಿಯಿಂದ ಮೇಜಿಗೆ, ಮೇಜಿನಿಂದ ಮಕ್ಕಳ ಚಿತ್ರದ ಪುಸ್ತಕಗಳ ಒಳಕ್ಕೆ. ಸುಧಾ ಸಂಜೆ ಮನೆಗೆ ಬಂದು ಇದನ್ನು ಹೇಳುವಾಗ ನಾನು ಸೊಪ್ಪು ಬಿಡಿಸುತ್ತಿದ್ದೆ. ಕೈ ನಿಂತಿತು. ಅವಳು ಮುಂದುವರಿಸಿದಳು. ವಾಲ್ಟರ್ ತಾವೇ ಹೋಗಿ ಕ್ಯಾಥಿಯ ಎದುರು ತಪ್ಪೊಪ್ಪಿಕೊಂಡರಂತೆ. ರಜೆಯ ಹಿಂದಿನ ದಿನ ಆ ಮೇಜಿನ ಬಳಿ ಕುಳಿತು ಡೋನಟ್ ತಿಂದಿದ್ದೆ, ಪುಡಿ ಉದುರಿದ್ದನ್ನು ನೋಡಿಕೊಳ್ಳಲಿಲ್ಲ, ಎಲ್ಲ ಕಡೆ ಸಕ್ಕರೆ ಬಿದ್ದಿದೆ, ನನ್ನದೇ ಕೆಲಸ ಎಂದು. ಮೊಲದೊಳಗಿನ ಪೊಟ್ಟಣ ಬಿದ್ದ ರಭಸಕ್ಕೆ ಬಿಚ್ಚಿ ಚೆಲ್ಲಿರಬೇಕು, ಅದರ ಕಾಗದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಸದ್ಯ ಕಣೆ ಅಕ್ಕ, ನನ್ನ ಪಾತ್ರೆಗಳಿಂದ ಅಲ್ಲ,” ಎಂದಳು ಸುಧಾ. “ಹಾಗೇನಾದ್ರೂ ಆಗಿದ್ರೆ ಕ್ಯಾಥಿ ಇವತ್ತೇ ಶೆಲ್ಫ್ ಕ್ಲೋಸ್ ಮಾಡ್ತಿದ್ರು.”

ಆಗ ಹೇಳಬೇಕಿತ್ತು. ಬಾಯಿಗೂ ಬಂದಿತ್ತು. ಅವಳ ಮುಖದಲ್ಲಿದ್ದ ಆ ನೆಮ್ಮದಿಯನ್ನು ನೋಡಿ ನುಂಗಿಕೊಂಡೆ. ಎರಡು ದಿನ ಬಿಟ್ಟು ಹೇಳೋಣ ಅಂದುಕೊಂಡೆ. ಎರಡು ದಿನದ ನಂತರ ಹೇಳುವುದು ಇನ್ನೂ ಕಷ್ಟವಾಗುತ್ತದೆ ಎಂಬುದು ಏಳನೇ ಕ್ಲಾಸಿನೊಳಗೆ ಬರುವ ಪಾಠವಲ್ಲ.

ವಾಲ್ಟರ್ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟರು. ಯಾರೂ ಬಿಡು ಎನ್ನಲಿಲ್ಲ, ಅವರೇ ಬಿಟ್ಟರು. ಡೋನಟ್ಟನ್ನೂ ಬಿಟ್ಟರು. ಸುಮ್ಮನಿರಲಾಗದ ಆ ಕೈಗಳಿಗೆ ಒಂದು ನೀರಿನ ಕ್ಯಾನು ಸಿಕ್ಕಿ, ಲೈಬ್ರರಿಯ ಕುಂಡಗಳಿಗೆಲ್ಲ ನೀರು ಹಾಕತೊಡಗಿದರು. ಎಷ್ಟು ಹಾಕಿದರೆಂದರೆ, ಓದುವ ಕೋಣೆಯ ಕಳ್ಳಿ ಗಿಡ ಜುಲೈ ಮುಗಿಯುವುದರೊಳಗೆ ಕೊಳೆತುಹೋಯಿತು. ಮೀಸೆ ಮಾತ್ರ ಚೊಕ್ಕಟವಾಗಿತ್ತು. ಆ ಚೊಕ್ಕಟ ಮೀಸೆಯನ್ನು ಬುಧವಾರ ಬುಧವಾರ ಎದುರಿಗೆ ಕುಳಿತು ನೋಡುವುದು ನನ್ನ ಪಾಲಿಗೆ ಬಂತು.

ಪಾಪ ಕಳೆದುಕೊಳ್ಳಬೇಕೆಂದು ನಾನೊಂದು ಉಪಾಯ ಮಾಡಿದೆ. ಸುಧಾಳಿಗೆ ಹೇಳಿ, ಇರುವೆ ಹತ್ತಿದ ಪುಸ್ತಕಗಳನ್ನು ಒರೆಸಲು ನಾನೂ ವಾಲಂಟಿಯರ್ ಆಗುತ್ತೇನೆ ಎಂದೆ. ಅವಳಿಗೆ ಸಂತೋಷವೋ ಸಂತೋಷ. ಅಕ್ಕ ತಾನಾಗಿಯೇ ಮನೆಯಿಂದ ಹೊರಗೆ ಕಾಲಿಟ್ಟಳಲ್ಲ ಎಂದು ಊರಿಗೆಲ್ಲ ಫೋನ್ ಮಾಡಿ ಹೇಳಿದಳು. ಕ್ಯಾಥಿ ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದು ಕುರ್ಚಿ ತೋರಿಸಿದರು. ವಾಲ್ಟರ್ ಕೂರುತ್ತಿದ್ದ ಕುರ್ಚಿ. ಹೋಗಿ ಹೋಗಿ ನಾನು ಅವರ ಜಾಗದಲ್ಲೇ ಕುಳಿತಿದ್ದೆ. ಪ್ರಾಯಶ್ಚಿತ್ತ ಮಾಡಹೊರಟರೆ ಬಡ್ತಿ ಸಿಕ್ಕಿತ್ತು.

ಒಂದು ವಿಷಯವನ್ನು ನಾಚಿಕೆಯಿಂದಲೇ ಹೇಳಬೇಕು. ಆ ಬೇಸಿಗೆ ನಾನು ತುಂಬ ಸುಖವಾಗಿದ್ದೆ. ಕಿಂಡಿಯಿಂದ ದಬದಬ ಬೀಳುವ ಪುಸ್ತಕದ ಸದ್ದಿನಲ್ಲಿ ಗಿರಣಿಯ ಬಾಯಿಗೆ ಕಾಳು ಸುರಿಯುವ ಸದ್ದಿನ ನೆನಪಿತ್ತು. ನಾನು ಪುಸ್ತಕ ಒರೆಸುತ್ತಿದ್ದೆ, ಒರೆಸುವ ನೆಪದಲ್ಲಿ ಬಿಡಿಸುತ್ತಿದ್ದೆ, ಬಿಡಿಸಿದ ಮೇಲೆ ಅಕ್ಷರ ಕೂಡಿಸಿ ಓದುತ್ತಿದ್ದೆ. ಮಕ್ಕಳ ಪುಸ್ತಕಗಳು. ಒಂದು ಪುಟಕ್ಕೆ ಒಂದು ಸಾಲು, ಜೊತೆಗೆ ಒಂದು ಆನೆ. ಒಮ್ಮೆ ಕರಡಿಯೊಂದು ತನ್ನ ಟೋಪಿ ಹುಡುಕುವ ಪುಸ್ತಕದಲ್ಲಿ ಎಷ್ಟು ಮುಳುಗಿದ್ದೆನೆಂದರೆ, ಕ್ಯಾಥಿ ಬಂದು ನಿಂತದ್ದೂ ತಿಳಿಯಲಿಲ್ಲ. ಅವರು ಬೈಯುವರೆಂದು ಎದ್ದು ನಿಂತರೆ, ಟೋಪಿ ಸಿಕ್ಕಿತೇ ಎಂದು ಕೇಳಿದರು. ಪುಸ್ತಕಗಳ ನಡುವೆ ಜನ ಮರೆತು ಬಿಟ್ಟದ್ದೂ ಸಿಗುತ್ತಿತ್ತು. ಒಣಗಿದ ಎಲೆ, ಬಸ್ ಟಿಕೆಟ್ಟು, ಮಗುವಿನ ಸಾಕ್ಸು. ನನಗೆ ಆಗ ಅನಿಸುತ್ತಿತ್ತು, ಯಾರೂ ಪೂರ್ತಿ ಖಾಲಿಯಾಗಿ ಹಿಂದಿರುಗಿಸುವುದಿಲ್ಲ, ನಾನೊಬ್ಬಳೇ ಅಲ್ಲ. ಮರುಗಳಿಗೆಯಲ್ಲೇ ಗಾಜಿನ ಆಚೆ ಕ್ಯಾನು ಹಿಡಿದು ಹೋಗುತ್ತಿರುವ ವಾಲ್ಟರ್ ಕಾಣುತ್ತಿದ್ದರು. ಸಾಕ್ಸಿಗೆ ಇರುವೆ ಮುತ್ತುವುದಿಲ್ಲವಲ್ಲ.

ಬೇಸಿಗೆಯ ಕೊನೆಗೆ ವಾಲಂಟಿಯರ್‌ಗಳಿಗೆಲ್ಲ ಒಂದು ಚಹಾ ಕೂಟ ಇಟ್ಟಿದ್ದರು. ಸುಧಾ ಸೀರೆ ಉಟ್ಟು ಬಂದಿದ್ದಳು, ಅಂದು ಅವಳ ಶೆಲ್ಫ್ ಕಾಯಂ ಆಗುವುದಿತ್ತು. ಕ್ಯಾಥಿ ಎದ್ದು ನಿಂತು, ಇಡೀ ಬೇಸಿಗೆ ಒಂದು ದೂರೂ ಬರಲಿಲ್ಲ, ನಾನು ಹೆದರಿದ್ದು ಸುಳ್ಳಾಯಿತು ಎಂದು ಅವಳ ಕೈ ಕುಲುಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾಲ್ಟರ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅವರ ತಟ್ಟೆಯಲ್ಲಿ ಎರಡು ಉಪ್ಪು ಬಿಸ್ಕತ್ತು ಇದ್ದವು. ಮೇಜಿನ ತುಂಬ ಸಿಹಿ ಇಟ್ಟುಕೊಂಡು ಆ ಮನುಷ್ಯ ಉಪ್ಪು ಬಿಸ್ಕತ್ತು ತಿನ್ನುತ್ತಿದ್ದರು.

ಆಮೇಲೆ ಕ್ಯಾಥಿ ನನ್ನ ಹೆಸರು ಕರೆದರು. ಹಿಂದಿನ ಕೋಣೆಯನ್ನು ಕನ್ನಡಿಯಂತೆ ಇಟ್ಟುಕೊಂಡವರು ಎಂದು ಹೇಳಿ, ಲೈಬ್ರರಿಯ ಚಿತ್ರವಿರುವ ಒಂದು ಮಗ್ ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಂಡು ಒಳಗೆ ನೋಡಿದೆ. ಮಗ್ ಖಾಲಿಯಿರಲಿಲ್ಲ. ಯಾರೋ ಅದರೊಳಗೆ ಒಂದು ಹಿಡಿ ಚಾಕಲೇಟು ಹಾಕಿದ್ದರು.

ಅದನ್ನು ನೋಡಿದ ಮೇಲೆ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಪಾತ್ರೆಯನ್ನು ಬರಿದಾಗಿ ಕೊಡಬಾರದೆಂದು ಈ ಜನಕ್ಕೂ ಗೊತ್ತಿದೆ, ಇಷ್ಟು ಒಳ್ಳೆಯ ಜನರ ಎದುರು ನಾನು ಒಬ್ಬ ಮುದುಕನ ಡೋನಟ್ ಕಿತ್ತುಕೊಂಡು ನಿಂತಿದ್ದೇನೆ. ವಾಲ್ಟರ್ ಕಲಿಸಿದ ಇಂಗ್ಲಿಷೆಲ್ಲ ಆ ಕ್ಷಣದಲ್ಲಿ ಮರೆತುಹೋಗಿ ನಾಲ್ಕು ಮಾತು ಮಾತ್ರ ಉಳಿಯಿತು.

“ಶುಗರ್ ಮೈನ್,” ಎಂದೆ. “ವಾಲ್ಟರ್ ಶುಗರ್, ನೋ. ಮೈ ಶುಗರ್. ಇನ್ ರ‍್ಯಾಬಿಟ್.”

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದು ಒಬ್ಬಳಿಗೆ. ಸುಧಾ ಎದ್ದು ಬಂದು ನನ್ನ ಪಕ್ಕ ನಿಂತು, ಮೆಲ್ಲಗೆ ಏನಾಯ್ತು ಹೇಳು ಎಂದಳು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಒಂದು ಮಾತನ್ನೂ ಬಿಡಲಿಲ್ಲ, ಮೃದು ಮಾಡಲೂ ಇಲ್ಲ. ಕಿಂಡಿಯಲ್ಲಿ ಹಾಕಿದ್ದು, ಸಕ್ಕರೆ ಇಟ್ಟದ್ದು, ಯಾಕೆ ಇಟ್ಟದ್ದು, ಆಮೇಲೆ ಬಾಯಿ ಮುಚ್ಚಿಕೊಂಡು ಕೂತದ್ದು. ತನ್ನ ಶೆಲ್ಫನ್ನು ತಾನೇ ಕೆಡವುವ ಮಾತುಗಳನ್ನು ಅವಳು ಅಷ್ಟು ಸ್ಪಷ್ಟವಾಗಿ ಹೇಳುವುದನ್ನು ಕೇಳುತ್ತಾ, ಇವಳು ಬ್ರಿಡ್ಜ್‌ವಾಟರ್‌ನಲ್ಲಿ ಮಾತ್ರೆ ನೋಡುವುದೂ ಹೀಗೆಯೇ ಇರಬೇಕು ಎಂದುಕೊಂಡೆ.

ಮುಗಿದಾಗ ವಾಲ್ಟರ್ ತಟ್ಟೆಯನ್ನು ಕೆಳಗಿಟ್ಟು ಎದ್ದರು. ನನ್ನ ಕಡೆ ಒಮ್ಮೆ ನೋಡಿ, ಬಾಗಿಲು ತೆರೆದುಕೊಂಡು ಹೊರಟುಹೋದರು. ಕಾರು ಹೊರಟ ಸದ್ದು ಕೇಳಿಸಿತು. ಕ್ಯಾಥಿ, ಶೆಲ್ಫಿನ ವಿಷಯ ಸೋಮವಾರ ಮಾತಾಡೋಣ ಎಂದು ಸುಧಾಳಿಗೆ ಹೇಳಿದರು. ಸುಧಾ ಆಗಲಿ ಎಂದಳು. ಜನ ಮೆಲ್ಲಗೆ ಚಹಾ ಕಡೆ ತಿರುಗಿದರು.

ಚಹಾ ಮುಗಿಯುವುದರೊಳಗೆ ಬಾಗಿಲು ಮತ್ತೆ ತೆರೆಯಿತು. ವಾಲ್ಟರ್ ನಿಂತಿದ್ದರು. ಕೈಯಲ್ಲಿ ದೊಡ್ಡದೊಂದು ಡೋನಟ್ ಪೆಟ್ಟಿಗೆ, ಮೀಸೆಯ ಮೇಲೆ ಬಿಳಿ ಪುಡಿ. ದಾರಿಯಲ್ಲೇ ಒಂದನ್ನು ಮುಗಿಸಿಬಿಟ್ಟಿದ್ದರು. ನೇರ ನನ್ನ ಹತ್ತಿರ ಬಂದು ಪೆಟ್ಟಿಗೆ ಚಾಚಿ, ಬೇಸಿಗೆಯೆಲ್ಲ ಉಪವಾಸವಿದ್ದದ್ದಕ್ಕೆ ಇದರಲ್ಲಿ ಅರ್ಧ ನನ್ನದು, ಉಳಿದದ್ದನ್ನು ನೀನು ಮತ್ತು ನಿನ್ನ ಇರುವೆಗಳು ಹಂಚಿಕೊಳ್ಳಿ ಎಂದರು. ಕೋಣೆಯೆಲ್ಲ ನಗತೊಡಗಿತು. ನಾನೂ ನಕ್ಕೆ, ಅಳುತ್ತಲೂ ಇದ್ದೆ, ಬಾಯಲ್ಲಿ ಡೋನಟ್ ಇತ್ತು.

ಸುಧಾ ನಗಲಿಲ್ಲ. ಕಾರು ಲೈಬ್ರರಿಯ ಪಾರ್ಕಿಂಗ್ ದಾಟಿ ಮುಖ್ಯ ರಸ್ತೆಗೆ ಬಂದ ಮೇಲೆ ಬಾಯಿಬಿಟ್ಟಳು.

“ಇರುವೆಗೆ ನಂಗೆ ಬೇಜಾರಿಲ್ಲ ಅಕ್ಕ. ನಂಗ್ಯಾಕೆ ಹೇಳ್ಲಿಲ್ಲ?”

“ನಿನ್ನ ಶೆಲ್ಫ್ ಮುಚ್ಚಿಸಿಬಿಟ್ರೆ ಅಂತ.”

“ಶೆಲ್ಫ್ ಹೋದ್ರೆ ಹೋಗ್ಲಿ. ಆ ವಾಲ್ಟರ್ ಮುಖ ನೋಡ್ಕೊಂಡು ಇಡೀ ಸಮ್ಮರ್ ಹೇಗಿದ್ದೆ ನೀನು?”

ನಿಮಗೆ ಹೇಳಬೇಕೆಂದಿದ್ದ ನನ್ನ ದೋಷ ಸಕ್ಕರೆಯಲ್ಲ, ಇದು. ಪಾತ್ರೆ ಖಾಲಿ ಹೋಗಬಾರದೆಂದು ಅಷ್ಟು ನೋಡಿಕೊಳ್ಳುವವಳು, ಒಬ್ಬ ಮನುಷ್ಯನ ದಿನಗಳು ಖಾಲಿಯಾಗುವುದನ್ನು ಗಾಜಿನ ಈಚೆ ಕುಳಿತು ನೋಡಿದೆ. ನಾನು ಬಾಯಿ ಮುಚ್ಚಿಕೊಂಡದ್ದು ತಂಗಿಯ ಶೆಲ್ಫ್ ಹೋದೀತೆಂಬ ಹೆದರಿಕೆಯಿಂದಲ್ಲ, ಒಳ್ಳೆಯವಳು ಅನಿಸಿಕೊಳ್ಳುವ ಸುಖ ಬಿಡಲಾಗದೆ. ಕಾರಿನಲ್ಲಿ ಇಷ್ಟನ್ನು ಹೇಳಲು ತಿಳಿಯದೆ, ನಿನಗೆ ಹೇಳಿದ್ರೆ ನೀನು ಅಮ್ಮನಿಗೆ ಹೇಳ್ತಿದ್ದೆ ಎಂದುಬಿಟ್ಟೆ. ಅಮ್ಮ ಹೋಗಿ ಎಷ್ಟೋ ಕಾಲವಾಗಿದೆ. ಸುಧಾಳ ತುಟಿ ಒಂದಿಷ್ಟು ಅಲುಗಿತು. ನಗೆಯೋ ಅಲ್ಲವೋ ತಿಳಿಯುವ ಮೊದಲೇ ನಮ್ಮ ಅಪಾರ್ಟ್‌ಮೆಂಟ್ ಬಂತು.

ಸೋಮವಾರ ಕ್ಯಾಥಿ ಶೆಲ್ಫ್ ಇರಲಿ ಎಂದರು. ಕೌಂಟರಿನಲ್ಲೇ ಕೈಗೆ ಕೊಡಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಿದರು. ಇನ್ನೊಂದು ಕೆಲಸವನ್ನೂ ಮಾಡಿದರು. ಅಚ್ಚುಗಳು ಖಾಲಿ ಬರಬಾರದೆಂದಿದ್ದರೆ, ತಂದವರು ಅದರಲ್ಲಿ ಏನು ಮಾಡಿದರು, ಹೇಗೆ ಮಾಡಿದರು ಎಂದು ಒಂದು ಚೀಟಿಯಲ್ಲಿ ಬರೆದು ಹಾಕಲಿ, ಅದಕ್ಕೆ ಇರುವೆ ಬರುವುದಿಲ್ಲ ಎಂದರು. ಈಗ ಒಂದೊಂದು ಪಾತ್ರೆಯೊಳಗೂ ಚೀಟಿಗಳಿವೆ. ಈಕ್ವೆಡಾರಿನವರು ಬರೆದದ್ದಿದೆ, ಚೀನಾದ ಅಜ್ಜಿ ಚಿತ್ರ ಬಿಡಿಸಿದ್ದಿದೆ. ಮೊಲದೊಳಗೆ ಹಾಲುಬಾಯಿಯದು ಕನ್ನಡದಲ್ಲೇ ಇದೆ. ಕೆಳಗೆ ಸುಧಾ ಇಂಗ್ಲಿಷಿನಲ್ಲಿ ಬರೆದು, ಕೊನೆಗೆ ‘ಕಿವಿಗೆ ತುಪ್ಪ ಹೆಚ್ಚು ಸವರಿ’ ಎಂದು ಸೇರಿಸಿದ್ದಾಳೆ. ವಾಲ್ಟರ್ ಹಿಂದಿನ ಕೋಣೆಗೆ ಮರಳಿದ್ದಾರೆ. ಈಗ ಅಲ್ಲಿ ಎರಡು ಕುರ್ಚಿ. ಉಳಿದ ಗಿಡಗಳೂ ಬದುಕಿಕೊಂಡಿವೆ.

ಆದರೆ ಸುಧಾ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ನಾನು ಒಂದು ಡಬ್ಬ ತುಂಬ ಹಾಲುಬಾಯಿ ಮಾಡಿ ಅವಳ ಬಾಗಿಲಲ್ಲಿ ಇಟ್ಟು ಬಂದೆ. ಡಬ್ಬ ಬರಲಿಲ್ಲ. ಅವಳಿಗೆ ಡಬ್ಬ ಇಟ್ಟುಕೊಳ್ಳುವ ಅಭ್ಯಾಸವೇ ಇಲ್ಲ, ಮರುದಿನವೇ ಪಳಪಳ ಹೊಳೆಯುತ್ತಾ ಬಂದುಬಿಡಬೇಕು. ಇಡೀ ವಾರ ನಾನು ಆ ಹೊಳೆಯುವ ಖಾಲಿ ಡಬ್ಬಕ್ಕಾಗಿ ಕಾದೆ. ಅದನ್ನು ನೋಡಿ ಮನಸ್ಸಿನಲ್ಲೇ ಮುಖ ಊದಿಸಿಕೊಳ್ಳುತ್ತಿದ್ದೆನಲ್ಲ, ಅದೂ ಒಂದು ಭಾಗ್ಯವೇ ಆಗಿತ್ತು ಎಂದು ತಿಳಿಯಿತು.

ನಿನ್ನೆ ಶನಿವಾರ. ಲೈಬ್ರರಿಯ ಕೆಲಸ ಮುಗಿಸಿ, ಮೊಲವನ್ನು ಎರವಲು ಪಡೆದು, ಅವಳ ಕಾರಿನಲ್ಲಿ ಹೊರಟೆವು. ಅವಳು ಹಿಂದಿನ ಸೀಟಿನ ಕಡೆ ತಲೆಯಲ್ಲಿ ಸನ್ನೆ ಮಾಡಿ, ನಿನ್ನ ಡಬ್ಬ ಇದೆ ತಗೋ ಎಂದಳು. ಕೈ ಚಾಚಿ ತೆಗೆದೆ. ಎಂದಿನಂತೆ ಹೊಳೆಯುತ್ತಿತ್ತು. ಮಡಿಲಲ್ಲಿ ಇಟ್ಟುಕೊಂಡರೆ ಒಳಗೆ ಏನೋ ಸರಿದಾಡಿದ ಸದ್ದು. ಮುಚ್ಚಳ ತೆಗೆದೆ. ಒಳಗೆ ಒಂದು ಜಿಪ್‌ಲಾಕ್ ಚೀಲ. ಅದರೊಳಗೆ ಇನ್ನೊಂದು ಜಿಪ್‌ಲಾಕ್. ಅದರೊಳಗೂ ಇನ್ನೊಂದು. ಎಲ್ಲಕ್ಕಿಂತ ಒಳಗೆ, ಭೂಮಿಯ ಮೇಲಿನ ಯಾವ ಇರುವೆಗೂ ಎಟುಕದ ಹಾಗೆ, ಒಂದು ಚಮಚ ಸಕ್ಕರೆ.

ನಾನು ಒಂದೊಂದೇ ಚೀಲ ಬಿಚ್ಚಿದೆ. ಬೆರಳು ಒದ್ದೆ ಮಾಡಿ ಅದ್ದಿ ಬಾಯಿಗಿಟ್ಟೆ. ಕಾರು ಕೆಂಪು ದೀಪದಲ್ಲಿ ನಿಂತಿತು. ಸುಧಾ ನನ್ನ ಕಡೆ ನೋಡಲಿಲ್ಲ.

“ಇನ್ನೂ ದಾರೀಲೇ ತಿಂತೀಯಲ್ಲೇ,” ಎಂದಳು. ರಸ್ತೆಯನ್ನೇ ನೋಡುತ್ತಾ, ಒಂದು ಕೈಯನ್ನು ಸ್ಟಿಯರಿಂಗಿನಿಂದ ತೆಗೆದು, ಅಂಗೈಯನ್ನು ನನ್ನ ಮುಂದೆ ಚಾಚಿದಳು.